ಲಗ್ನದ ಹಂಗಾಮಿನಲ್ಲಿ ಕರಿ ಕವರು

ಈ ಕೆಲಸಕ್ಕೆ ನಾನು ತೆತ್ತದ್ದು ಒಂದು ಮಾಘ ಮಾಸ. ಹೊಸಪೇಟೆಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟವನಿಗೆ ಮಾಘ ಎಂದರೆ ಏನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಧನುರ್ಮಾಸ ಮುಗಿಯುತ್ತಲೇ ಲಗ್ನಪತ್ರಿಕೆಯವರು ಬಾಗಿಲಿಗೆ ಬರುತ್ತಾರೆ. ಆಗಿನ ದುಡಿಮೆಯಲ್ಲಿ ಮುಂದಿನ ಮಳೆಗಾಲ ಕಳೆಯಬೇಕು. ಆ ವರ್ಷ ನನ್ನ ಕಾಯಂ ಗಿರಾಕಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿ ಎದುರಿನ ಪ್ರೆಸ್ಸಿಗೆ ಹೋದರು. ನನ್ನ ದರ ಏರಿರಲಿಲ್ಲ, ಅಚ್ಚು ಕೆಟ್ಟಿರಲಿಲ್ಲ. ಅಂಗಡಿಯೊಳಗೆ ಕರಿ ಹಾಳೆಗಳನ್ನು ಎದೆಮಟ್ಟ ಒಟ್ಟಿದ್ದೆ, ಅಷ್ಟೇ.

ನಮ್ಮ ಕಡೆ ಬರೀ ಕಪ್ಪಿನಲ್ಲಿ ಅಚ್ಚಾಗುವ ಕಾರ್ಡು ಒಂದೇ, ಶಿವಗಣಾರಾಧನೆಯದು. ಮನೆಯಲ್ಲೊಬ್ಬರು ತೀರಿಕೊಂಡಿದ್ದಾರೆ, ಇಂಥ ದಿನ ಪ್ರಸಾದಕ್ಕೆ ಬನ್ನಿ ಎಂದು ಅದರ ಅರ್ಥ. ಆ ಕಾರ್ಡನ್ನು ಪ್ರೆಸ್ಸಿನವರು ಲಗ್ನಪತ್ರಿಕೆಯ ಪಕ್ಕದಲ್ಲಿ ಇಡುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಒಪ್ಪಿಕೊಂಡೆ, ಯಾಕೆಂದರೆ ಧನುರ್ಮಾಸದೊಳಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಕೆಲಸ ತಂದವರು ಒಬ್ಬ ವಿದೇಶಿ ಹೆಣ್ಣುಮಗಳು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಪ್ರತಿ ಚಳಿಗಾಲ ಹಂಪಿಗೆ ಬಂದು ಹೊಳೆಯಾಚೆ ಕೋಣೆ ಹಿಡಿದು ಇರುತ್ತಿದ್ದರು. ತಮ್ಮ ಊರಿನಲ್ಲಿ ಒಂದು ಸಣ್ಣ ಸಂಗೀತ ಕಂಪನಿ ನಡೆಸುತ್ತಿದ್ದರು. ಹಂಪಿ ಬಜಾರಿನ ಒಂದು ಅಂಗಡಿಯ ಗೋಡೆಗೆ ಸಿಕ್ಕಿಸಿದ್ದ ನನ್ನ ಪ್ರೆಸ್ಸಿನ ಲಗ್ನಪತ್ರಿಕೆ ನೋಡಿ, ದಪ್ಪ ರಟ್ಟು, ಕೈಯಿಂದ ಅಂಟಿಸಿದ ಅಂಚು ಇಷ್ಟವಾಗಿ, ವಿಳಾಸ ಹಿಡಿದು ಬಂದರು. ನನ್ನ ಇಂಗ್ಲಿಷು ಬಜಾರಿನಲ್ಲಿ ಕಲಿತದ್ದು, ಅವರಿಗೂ ಅದು ಹುಟ್ಟುಭಾಷೆಯಲ್ಲ. ಆದ್ದರಿಂದ ಮಾತು ಸುಲಭವಾಯಿತು.

ಅವರಿಗೆ ಬೇಕಾದದ್ದು ಪ್ಲೇಟಿನ ಕವರು. ಹೌದು, ಹಳೆಯ ಗ್ರಾಮಫೋನ್ ಪ್ಲೇಟೇ. ಸಿಡಿ ಬಂದು ಕ್ಯಾಸೆಟ್ಟೇ ಮೂಲೆ ಸೇರಿದ ಕಾಲದಲ್ಲಿ ಯಾರು ಪ್ಲೇಟು ಕೊಳ್ಳುತ್ತಾರೆ ಎಂದು ಕೇಳಿದೆ. ಅವರ ಕಡೆ ಕೊಳ್ಳುವವರಿದ್ದಾರಂತೆ, ಹಳೆಯದನ್ನಲ್ಲ, ಹೊಸದಾಗಿ ಒತ್ತಿದ್ದನ್ನು. ಎರಡು ಪ್ಲೇಟು ಒಟ್ಟಿಗೆ ಬರಬೇಕಿತ್ತು. ಒಂದು ಟೆಕ್ನೋ: ಒಂದೇ ಹೊಡೆತ ಬಿಡದೆ ನಡೆಯುತ್ತದೆ, ಜನ ಕುಣಿಯುತ್ತಾರೆ. ಅದರ ಹೊಡೆತವನ್ನು ಅವರು ಸಂಡೂರಿನ ಅದಿರು ಒಡೆಯುವ ಕ್ರಷರ್‌ನಿಂದ ರೆಕಾರ್ಡ್ ಮಾಡಿಕೊಂಡಿದ್ದರು. ಇನ್ನೊಂದು ಆಂಬಿಯೆಂಟ್: ತಾಳವಿಲ್ಲ, ಹಾಡಿಲ್ಲ, ಕೋಣೆಯ ಗಾಳಿಯಂತೆ ಇದ್ದೂ ಇಲ್ಲದಂತಿರುವ ಸದ್ದು. ಅದಕ್ಕೆ ಕಂಪ್ಲಿ ಕಾಲುವೆಯ ನೀರು. ಕ್ರಷರ್‌ನ ಪ್ಲೇಟಿಗೆ ಕೆಂಪು ಕವರು, ಕಾಲುವೆಯದಕ್ಕೆ ಪೂರ್ತಿ ಕರಿ ಕವರು, ಮೇಲೆ ಒಂದಕ್ಷರವೂ ಇಲ್ಲ.

ಪ್ಲೇಟುಗಳು ಅವರ ದೇಶದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಮೇಡಂ ಹೊರಡುವ ವಿಮಾನದಲ್ಲೇ ಕವರುಗಳೂ ಹೋಗಬೇಕು. ತಪ್ಪಿದರೆ ಕಾರ್ಖಾನೆಯವರು ಬಿಳಿ ಕಾಗದದ ಚೀಲಕ್ಕೆ ಹಾಕಿ ಕಳಿಸಿಬಿಡುತ್ತಾರೆ. ಕವರಿಲ್ಲದ ಪ್ಲೇಟನ್ನು ಅಂಗಡಿಯವರು ಮುಟ್ಟುವುದಿಲ್ಲ, ತಮ್ಮ ಕಂಪನಿ ಈ ಎರಡರ ಮೇಲೆ ನಿಂತಿದೆ ಎಂದು ಮೇಡಂ ನೇರವಾಗಿ ಹೇಳಿದರು. ಕೆಲಸ ಚೆನ್ನಾದರೆ ತಮ್ಮಂಥ ಇನ್ನಷ್ಟು ಕಂಪನಿಗಳನ್ನು ನನ್ನ ಕಡೆ ಕಳಿಸುವುದಾಗಿಯೂ ಹೇಳಿದರು. ಅದಿರು ಸಾಗಿಸುವ ಲಾರಿಗಳ ಟ್ರಿಪ್ ಶೀಟು ಒತ್ತಿ ಒತ್ತಿ ನನ್ನ ಹೊಟ್ಟೆ ತುಂಬುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಗಣಿ ಒಂದೇ ಗಿರಾಕಿಯಾದರೆ ಅಂಗಡಿ ಅವರದೇ ಆದಂತೆ. ಒಪ್ಪಿದೆ.

ಮೊದಲ ಮಾದರಿಯೇ ಕೆಟ್ಟಿತು. ಪ್ಲೇಟಿನ ಅಗಲ ಹನ್ನೆರಡು ಇಂಚು. ನಮ್ಮ ಲಗ್ನಪತ್ರಿಕೆಯ ಕವರು ಬಿಗಿ ಇರಬೇಕು, ತಲೆಕೆಳಗು ಹಿಡಿದರೂ ಕಾರ್ಡು ಜಾರಬಾರದು. ಅದೇ ಒಳ್ಳೆಯ ಕೆಲಸದ ಗುರುತು. ಮೇಡಂ ಮಿಲಿಮೀಟರಿನಲ್ಲಿ ಕೊಟ್ಟ ಅಳತೆ ನನಗೆ ಸಡಿಲ ಕಂಡಿತು. ನಾನೇ ಒಂದಿಷ್ಟು ಬಿಗಿ ಮಾಡಿ ಕತ್ತರಿಸಿದೆ. ಪರೀಕ್ಷೆಗೆ ಪ್ಲೇಟು ಬೇಕಲ್ಲ? ಸೌಂಡ್ ಸರ್ವಿಸ್ ನಡೆಸುವ ಚಾಚಾನ ಬಳಿ ಹೋದೆ. ಲಗ್ನದ ಮನೆಗಳಿಗೆ ಮೈಕು, ಸ್ಪೀಕರು ಬಾಡಿಗೆ ಕೊಡುವವರು. ಹಿಂದೆ ಪ್ಲೇಟು ಹಾಕುತ್ತಿದ್ದ ಮಷಿನ್ನು ಅವರಲ್ಲಿ ಇನ್ನೂ ಓಡುತ್ತಿತ್ತು.

ಚಾಚಾ ಒಂದು ಹಳೆ ಪ್ಲೇಟು ತಂದು ಕವರಿಗೆ ತೂರಿಸಿದರು. ಅರ್ಧಕ್ಕೆ ನಿಂತಿತು. ಒತ್ತಿದರು. ಕವರಿನ ಅಂಟಿಸಿದ ಅಂಚು ಬಿರಿಯಿತು.

"ಪ್ಲೇಟಿಗೆ ಅಂಗಿ ಹೊಲಿಸೀರೋ, ಬನಿಯನ್ನು ಹೊಲಿಸೀರೋ?" ಎಂದರು.

"ಜಾರಬಾರದಂತ ಬಿಗಿ ಮಾಡೀನ್ರಿ ಚಾಚಾ."

"ಜಾರ್ಬೇಕು ಭಾಯ್. ಎರಡು ಬೆರಳಿಲೆ ಅಂಚು ಹಿಡದ್ರ ತಾನಾ ಬರ್ಬೇಕು. ಜಗ್ಗಿದ್ರ ಗೆರಿ ಬೀಳ್ತಾವು. ಗೆರಿ ಬಿತ್ತು ಅಂದ್ರ ಪ್ಲೇಟು ಖತಮ್."

ಅಳತೆಯನ್ನು ಮೇಡಂ ಹೇಳಿದಷ್ಟಕ್ಕೇ ತಂದೆ. ಹನ್ನೆರಡೂಕಾಲು ಇಂಚಿಗಿಂತ ತುಸು ಹೆಚ್ಚು. ಎರಡು ಮೈ, ನಡುವೆ ಬೆನ್ನು, ಒಳಕ್ಕೆ ಮಡಿಸಿ ಅಂಟಿಸಲು ಹಿಂದಿನ ಮೈಗೆ ಎರಡು ರೆಕ್ಕೆ. ಬಿಡಿಸಿಟ್ಟರೆ ಇಡೀ ಹಾಳೆ ನನ್ನ ಮಷಿನ್ನಿನ ಅಗಲಕ್ಕೆ ಕೂದಲೆಳೆಯಷ್ಟು ಜಾಗ ಬಿಟ್ಟು ಕೂರುತ್ತಿತ್ತು. ಕೆಂಪು ಸರಾಗವಾಗಿ ಓಡಿತು. ಅದಿರಿನ ಧೂಳಿನ ಭಯವೂ ಇಲ್ಲ, ಬಿದ್ದರೂ ಅದೂ ಕೆಂಪೇ.

ಕಪ್ಪು ಹಾಗಲ್ಲ. ಹಾಳೆ ತುಂಬ ಬರೀ ಕಪ್ಪು ಎಂದರೆ ಪ್ರೆಸ್ಸಿನವರಿಗೆ ಶಿಕ್ಷೆ. ಒಂದೇ ಸಲ ಓಡಿಸಿದರೆ ಬೂದಿ ಬಣ್ಣ ಕಾಣುತ್ತದೆ. ಒಣಗಿಸಿ ಇನ್ನೊಂದು ಸಲ ಓಡಿಸಬೇಕು. ಒಣಗುವ ಮೊದಲು ಒಟ್ಟಿದರೆ ಒಂದರ ಇಂಕು ಇನ್ನೊಂದರ ಬೆನ್ನಿಗೆ ಅಂಟುತ್ತದೆ, ಅದಕ್ಕೆ ನಡುವೆ ಹಳೆ ಪೇಪರು ಹಾಕಬೇಕು. ಇದೆಲ್ಲದರ ಮೇಲೆ ಅದಿರಿನ ಧೂಳು. ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಒಗೆದು ಹಾಕಿದ ಬಿಳಿ ಅಂಗಿ ಒಣಗುವಷ್ಟರಲ್ಲಿ ಗುಲಾಬಿಯಾಗುತ್ತಿತ್ತು. ಹಸಿ ಕಪ್ಪಿನ ಮೇಲೆ ಅದು ಕೂತರೆ ತುಕ್ಕು ಹಿಡಿದ ಹಾಗೆ. ಕಿಟಕಿಗಳಿಗೆ ಗೋಣಿ ತಟ್ಟು ಕಟ್ಟಿ ನೀರು ಹೊಡೆಸಿದೆ, ನೆಲ ತೋಯಿಸಿದೆ, ಫ್ಯಾನು ಬಂದ್ ಮಾಡಿಸಿದೆ. ಒಣಗುವುದು ತಡವಾಯಿತು. ತಡವಾದಷ್ಟೂ ಸಂಕ್ರಾಂತಿ ಹತ್ತಿರ ಬಂತು, ಸಂಕ್ರಾಂತಿ ದಾಟಿತು. ಹಾಳೆಗಳು ಅಂಗಡಿಯಲ್ಲೇ ಇದ್ದವು.

ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕರು ಮಗಳ ಲಗ್ನದ ಮಜಕೂರು ಹಿಡಿದು ಬಂದರು. ಬಾಗಿಲಲ್ಲೇ ನಿಂತರು.

"ಯಾರು ಹೋದ್ರು ರೀ?"

"ಯಾರೂ ಹೋಗಿಲ್ರಿ. ಪ್ಲೇಟಿನ ಕವರು. ಫಾರಿನ್ನಿಗೆ ಹೋಗ್ತಾವು. ಬರೇ ಬಣ್ಣ ಅದು, ಬರ್ರಿ, ಕುಂದ್ರಿ."

"ಇರ್ಲಿ ಬಿಡ್ರಿ. ಅವು ಫಾರಿನ್ನಿಗೆ ಹೋಗ್ಲಿ, ಆಮ್ಯಾಲ ನಾ ಬರ್ತೀನಿ."

ರಸ್ತೆ ದಾಟಿ ಎದುರಿನ ಪ್ರೆಸ್ಸಿನ ಮೆಟ್ಟಿಲು ಹತ್ತಿದ್ದನ್ನು ನೋಡಿದೆ. ಅವರ ಹಿಂದೆ ಇನ್ನೂ ಅನೇಕರು ಹಾಗೇ ಹತ್ತಿದರು.

ಅಚ್ಚಾದ ಹಾಳೆಗಳನ್ನು ಮಡಿಸಿ ಅಂಟಿಸುವುದು ಗಾದಿಗನೂರಿನ ಹೆಣ್ಣುಮಕ್ಕಳ ಕೆಲಸ. ನನ್ನ ಲಗ್ನಪತ್ರಿಕೆಯ ಕವರೆಲ್ಲ ಅಲ್ಲೇ ಆಗುತ್ತಿದ್ದವು. ಅವರನ್ನು ಕೂಡಿಸಿ ಕೆಲಸ ಹಂಚುವ ಹಿರಿಯಳನ್ನು ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಕೆಂಪು ಕವರು ಚಕ್ಕನೆ ಮುಗಿಸಿಕೊಟ್ಟರು. ಕರಿ ಹಾಳೆಯ ಗಾಡಿ ಅಂಗಳಕ್ಕೆ ಬಂದಾಗ ಅಕ್ಕ ಎದ್ದು ನಿಂತಳು.

"ಅಣ್ಣಾರ, ಇದು ನಮ್ಮ ಮನಿಗೆ ಬ್ಯಾಡ್ರಿ."

"ಬರೇ ಬಣ್ಣ ಅಕ್ಕ. ನಿನ್ನ ತಲಿಗೂದಲಾ ಕರೇವು ಇಲ್ಲೇನು?"

"ಎಲ್ಲಿ ಕರೇವು ಅದಾವ್ರಿ? ನಿಮ್ಮ ಕೆಲಸ ಮಾಡಿ ಮಾಡಿ ಬೆಳ್ಳಗಾಗ್ಯಾವು."

ಹೆಂಗಸರು ನಕ್ಕರು. ನಗು ಬಂತೆಂದರೆ ಚೌಕಾಸಿಗೆ ದಾರಿ ಇದೆ ಎಂದೇ ಅರ್ಥ. ಅಕ್ಕನ ತೊಡಕು ನಿಜವಾದದ್ದು. ಮಗಳ ಲಗ್ನ ಅದೇ ಮಾಘದಲ್ಲಿತ್ತು. ಕೂಲಿ ಏರಿಸಿದೆ. ಆಕೆ ತಲೆ ಅಲ್ಲಾಡಿಸಿದಳು. ಮಗಳ ಲಗ್ನಪತ್ರಿಕೆ ನನ್ನ ಕಡೆಯಿಂದ ಎಂದೆ.

"ಎಷ್ಟು ಬಣ್ಣದ್ದು?"

"ಎರಡು."

"ಗಣಿಯಾಗ ಲಾರಿ ಇಟ್ಟೋರು ನಾಕು ಬಣ್ಣ ಹಾಕಿಸ್ತಾರ."

"ನನಗ ಲಾರಿ ಇಲ್ಲಲ್ಲಬೇ. ಮೂರು ಮಾಡಾಣ."

"ಹಂಗಾದ್ರ ಇಳಸ್ರಿ. ಆದ್ರ ನಮ್ಮ ಪದ್ಧತಿ ನಾವು ಮಾಡ್ಕೊಂತೀವಿ. ನೀವು ಅದ್ಯಾಕ ಇದ್ಯಾಕ ಅನ್ನಂಗಿಲ್ಲ."

"ಆಯ್ತು," ಎಂದೆ. ಪೂಜೆ ಮಾಡಿ, ಕಾಯಿ ಒಡೆದು ಶುರುಮಾಡುತ್ತಾರೆ ಎಂದುಕೊಂಡೆ. ಮೈದಾ ಹಿಟ್ಟಿನ ಅಂಟು, ಹುಳ ಹತ್ತದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ, ಒಣಗುವವರೆಗೆ ಮೇಲೆ ಭಾರ. ಇಷ್ಟು ಹೇಳಿ ಹೊರಟೆ.

ಕವರುಗಳು ತಯಾರಾಗಿ ಬಂದವು. ಅಂಚು ನೇರ, ಮೈ ಸಪಾಟು. ಅದೇ ಹೊತ್ತಿಗೆ ಮೇಡಂಗೆ ಕಾರ್ಖಾನೆಯಿಂದ ಎರಡೂ ಪ್ಲೇಟಿನ ಮಾದರಿ ಕೊರಿಯರ್‌ನಲ್ಲಿ ಬಂತು. ಕವರಿಗೆ ಹಾಕಿ, ತೆಗೆದು, ಕೇಳಿ ಒಪ್ಪಿಗೆ ಕೊಡಬೇಕು. ಚಾಚಾನ ಅಂಗಡಿಯಲ್ಲಿ ಕೂಡಿದೆವು.

ಕೆಂಪು ಕವರಿನ ಪ್ಲೇಟು ಮೊದಲು. ಕ್ರಷರ್‌ನ ಹೊಡೆತ ಅಂಗಡಿಯ ಡಬ್ಬಗಳನ್ನು ಕುಣಿಸಿತು. ಪಕ್ಕದ ಗ್ಯಾರೇಜಿನವರು ಇಣುಕಿ ಹೋದರು. "ಬಾರಾತಿನ ಮೆರವಣಿಗಿಗೆ ಮಸ್ತ್ ಆಗ್ತೈತಿ," ಎಂದರು ಚಾಚಾ. ಆಮೇಲೆ ಕಾಲುವೆಯ ಪ್ಲೇಟನ್ನು ಕರಿ ಕವರಿಗೆ ಹಾಕಿದರು. ಸರಾಗ ಹೋಯಿತು, ಸರಾಗ ಬಂತು. ನಾನು ಮೀಸೆ ತಿರುವಿದೆ. ಲಾರಿಗಳ ಸದ್ದು ಬರಬಾರದೆಂದು ಚಾಚಾ ಶಟರು ಎಳೆದು ಪ್ಲೇಟಿನ ಮೇಲೆ ಮಷಿನ್ನಿನ ಮುಳ್ಳು ಇಟ್ಟರು.

ನೀರು ಬಹಳ ದೂರದಲ್ಲಿ ಹರಿದಂತೆ ಕೇಳತೊಡಗಿತು. ಅದರ ಮೇಲೆ ಚಟ್, ಚಟಚಟ್ ಎಂದು ಒಗ್ಗರಣೆ ಸಿಡಿದ ಹಾಗೆ. ಮೇಡಂ ಮುಖ ಎತ್ತಿದರು. ಚಾಚಾ ಮುಳ್ಳು ಎತ್ತಿ ಬೆರಳ ತುದಿಯಿಂದ ಸವರಿ ಬೆಳಕಿಗೆ ಹಿಡಿದರು.

"ಅರೆ, ಅರಿಷಿಣ ಐತಲ್ರೀ ಇದು. ಪ್ಲೇಟಿಗೆ ಯಾರ ಕೂಡ ಲಗ್ನ ಮಾಡೀರಿ?"

ಕವರಿನ ಬಾಯಿ ಅಗಲಿಸಿ ನೋಡಿದೆವು. ಒಳಗೆ ಒಂದು ಮೈಯಲ್ಲಿ, ಬಾಯಿಯ ಎರಡೂ ಮೂಲೆಗೆ ಅರಿಶಿನದ ಬೊಟ್ಟು. ಹಸಿಯಾಗಿ ಹಚ್ಚಿದ್ದು ಒಣಗಿ ಪುಡಿಯಾಗಿ ಉದುರುತ್ತಿತ್ತು. ಇನ್ನೊಂದು ಕವರು ನೋಡಿದೆ, ಮತ್ತೊಂದು ನೋಡಿದೆ. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚದೆ ಯಾರ ಕೈಗೂ ಕೊಡುವುದಿಲ್ಲವಲ್ಲ, ಅದೇ ಪದ್ಧತಿ. ಕೆಂಪು ಕವರಿನಲ್ಲಿ ಇರಲಿಲ್ಲ. ಕೆಂಪಿಗೆ ಅದು ಬೇಕಿಲ್ಲ.

ಮೇಡಂಗೆ ವಿವರಿಸಿದೆ. ಬೈಯಲಿಲ್ಲ. ಎಷ್ಟು ಕವರಿನಲ್ಲಿದೆ ಎಂದು ಮಾತ್ರ ಕೇಳಿದರು. ಎಲ್ಲದರಲ್ಲೂ ಎಂದೆ.

ನಾನು ವ್ಯಾಪಾರಿ, ಕೂಡಲೇ ದಾರಿ ಹುಡುಕಿದೆ. ಗದ್ದಲದ ಪ್ಲೇಟನ್ನು ಕರಿ ಕವರಿಗೆ ಹಾಕೋಣ, ಆ ಹೊಡೆತದಲ್ಲಿ ಚಟಚಟ ಯಾರಿಗೆ ಕೇಳುತ್ತದೆ ಎಂದೆ. ಅವರು ಒಪ್ಪಲಿಲ್ಲ. ಪುಡಿ ಮುಳ್ಳು ಓಡುವ ಗೆರೆಯೊಳಗೆ ಕೂತರೆ ಕೇಳಲಿ ಬಿಡಲಿ ಪ್ಲೇಟು ಸವೆಯುತ್ತದೆ, ಕೊಂಡವರು ಅದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ ಎಂದರು. ಒದ್ದೆ ಬಟ್ಟೆಯಿಂದ ಒರೆಸಿ ನೋಡಿದೆ, ಬೊಟ್ಟು ಹರಡಿ ಇನ್ನೂ ಅಗಲವಾಯಿತು, ರಟ್ಟು ಉಬ್ಬಿತು. ಆಗ ನನಗೆ ಕಾರ್ಡಿನ ಮೂಲೆ ಕತ್ತರಿಸುವ ಮಷಿನ್ನು ನೆನಪಾಯಿತು. ಬಾಯಿಯ ಎರಡು ಮೂಲೆಯನ್ನು ಓರೆಯಾಗಿ ಕತ್ತರಿಸಿದರೆ ಅರಿಶಿನವೂ ಹೋಯಿತು, ನೋಡಲೂ ಚೆಂದ. ಒಂದು ಕಟ್ಟು ಕತ್ತರಿಸಿಕೊಂಡು ಹಂಪಿ ಬಜಾರಿನ ಚಹಾದಂಗಡಿಯಲ್ಲಿ ಮೇಡಂ ಮುಂದೆ ಇಟ್ಟೆ. ಹೆಮ್ಮೆಯಿಂದಲೇ ಇಟ್ಟೆ.

ಅವರು ಒಂದನ್ನು ಎತ್ತಿ, ನೋಡಿ, ಮಗುಚಿ ಇಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಅವರ ಕಸುಬಿನಲ್ಲಿ ಮೂಲೆ ಕತ್ತರಿಸಿದ ಕವರಿಗೆ ಒಂದೇ ಅರ್ಥ: ಈ ಪ್ಲೇಟು ಮಾರಾಟವಾಗದೆ ಉಳಿಯಿತು, ಕಂಪನಿ ಇದನ್ನು ಕೈಬಿಟ್ಟಿದೆ, ಸಿಕ್ಕ ಬೆಲೆಗೆ ಒಯ್ಯಿರಿ. ಹೊಸ ಪ್ಲೇಟನ್ನು ಹಾಗೆ ಅಂಗಡಿಗೆ ಕಳಿಸಿದರೆ ಹುಟ್ಟುವ ಮೊದಲೇ ಸತ್ತಿದೆ ಎಂದು ಸಾರಿದಂತೆ.

ಬರೇ ಒಂದು ಮೂಲೆಯಲ್ಲವೇ ಎಂಬ ಮಾತು ನಾಲಿಗೆ ತುದಿಗೆ ಬಂತು. ಬರೇ ಬಣ್ಣ ಎಂದು ಗಿರಣಿಯ ಮಾಲೀಕರಿಗೆ ನಾನು ಹೇಳಿದ್ದೂ ಇಂಥದ್ದೇ ಮಾತು. ಅವರು ರಸ್ತೆ ದಾಟಿ ಹೋಗಿದ್ದರು.

ಚಹಾ ಮುಗಿಯುವುದರೊಳಗೆ ತೀರ್ಮಾನ ಮಾಡಿದೆ. ಕರಿ ಕವರು ಮತ್ತೆ ಮೊದಲಿನಿಂದ. ರಟ್ಟು ನನ್ನದು, ಅಚ್ಚು ನನ್ನದು. ಹುಬ್ಬಳ್ಳಿಯ ಕಾಗದದ ವ್ಯಾಪಾರಿಯ ಬಳಿ ಅದೇ ರಟ್ಟು ಅರ್ಧಕ್ಕಾಗುವಷ್ಟೇ ಇತ್ತು. ಸಿಕ್ಕಷ್ಟು ತರಿಸಿದೆ. ಮಷಿನ್ನು ಖಾಲಿ ಬೇಕಿತ್ತು, ಟ್ರಿಪ್ ಶೀಟಿನ ಕೆಲಸವನ್ನು ನಾನೇ ಎದುರಿನ ಪ್ರೆಸ್ಸಿಗೆ ಒಯ್ದು ಕೊಟ್ಟೆ. ಲಗ್ನದವರು ತಾವಾಗಿ ಹೋಗಿದ್ದರು, ಗಣಿಯವರನ್ನು ನಾನು ಕಳಿಸಿದೆ. ಎದುರಿನವ ಕಾರಣ ಕೇಳಲಿಲ್ಲ, ಕುರ್ಚಿ ಹಾಕಿ ಕೂರಿಸಿದ.

ಉಳಿದದ್ದು ಅಂಟಿಸುವವರ ಪ್ರಶ್ನೆ. ಬೇರೆಯವರನ್ನು ಹುಡುಕಲು ಹೊತ್ತಿರಲಿಲ್ಲ, ಇದ್ದರೂ ಅಕ್ಕನ ಕೈಯ ನೇರ ಅಂಚು ಬೇರೆಯವರಿಗೆ ಬರುವುದಿಲ್ಲ. ಚಾಚಾನನ್ನು, ಅವರ ಪ್ಲೇಟಿನ ಮಷಿನ್ನನ್ನು, ಮೆರವಣಿಗೆಗೆ ಬ್ಯಾಟರಿಯ ಮೇಲೆ ಓಡಿಸುವ ಸಾಮಾನನ್ನು ಎಲ್ಲ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹಾಕಿಕೊಂಡು, ಮೇಡಂನೂ ಕರೆದುಕೊಂಡು ಗಾದಿಗನೂರಿಗೆ ಹೋದೆ. ಅಂಗಳದಲ್ಲಿ ಹಾಸಿಗೆ ಬಿಚ್ಚಿದಂತೆ ಎಲ್ಲ ಹರಡಿದೆವು. ಹೆಂಗಸರು ಸುತ್ತ ಕೂತರು. ಕಾಲುವೆಯ ಪ್ಲೇಟಿನಲ್ಲಿ ಅರಿಶಿನ ತಾಕದ ಇನ್ನೊಂದು ಬದಿ ಇತ್ತಲ್ಲ, ಅದನ್ನು ಮೊದಲು ಹಾಕಿಸಿದೆ.

"ಹಾಡು ಯಾವಾಗ ಬರ್ತೈತ್ರಿ?" ಎಂದಳು ಒಬ್ಬಳು.

"ಇದಾ ಹಾಡು."

"ಕಾಲಿವಿಗೆ ನೀರು ಬಿಟ್ಟಂಗ ಐತಲ್ರಿ."

"ಕಂಪ್ಲಿ ಕಾಲಿವಿದಾ."

"ಇದಕ್ಕ ರೊಕ್ಕ ಕೊಡ್ತಾರಾ? ನಮ್ಮ ಹೊಲದ ಬದುವಿನ ಮ್ಯಾಲ ಬಂದು ಕುಂದ್ರಾಕ ಹೇಳ್ರಿ, ಪುಕ್ಕಟೆ ಕೇಳಸ್ತೀವಿ."

ಎಲ್ಲರೂ ನಕ್ಕರು. ಮೇಡಂಗೆ ತಿಳಿಸಿದೆ, ಅವರೂ ನಕ್ಕರು. ಆಮೇಲೆ ಚಾಚಾ ಪ್ಲೇಟು ತಿರುವಿ ಹಾಕಿದರು. ಚಟಚಟ ಶುರುವಾಯಿತು. ಮುಳ್ಳಿಗೆ ಹತ್ತಿದ ಹಳದಿ ಪುಡಿಯನ್ನು ಅಕ್ಕನ ಅಂಗೈಗೆ ಉದುರಿಸಿದರು.

ಅಕ್ಕ ಅಂಗೈ ನೋಡಿಕೊಂಡು ಹೇಳಿದಳು: "ಹೊರಗ ಹಚ್ಚಿದ್ರ ನೀವು ಬೈತೀರಂತ ಒಳಗ ಹಚ್ಚಿದ್ವಿ. ಒಳಗ ಯಾರು ನೋಡ್ತಾರ ಅಂದ್ವಿ. ಒಳಗ ಇಂಥಾದ್ದು ಇಡ್ತಾರಂತ ನಮಗೇನು ಗೊತ್ರಿ?"

"ಈಗ ಗೊತ್ತಾತಲ್ಲ. ಮತ್ತ ಮಾಡಬೇಕು. ಅರಿಷಿಣ ಬ್ಯಾಡ."

"ಅರಿಷಿಣ ಬ್ಯಾಡ ಅಂದ್ರ ಕರೇದು ಮನಿಗೆ ಬ್ಯಾಡ. ಮಗಳ ಲಗ್ನ ಇನ್ನೂ ಆಗಿಲ್ಲ."

ಕೂಲಿ ಏರಿಸಿದರೆ ಬಗೆಹರಿಯುವ ತೊಡಕು ಇದಲ್ಲ ಎಂದು ನನಗೆ ತಿಳಿದಿತ್ತು. ಆಕೆ ಏನು ಹೇಳುತ್ತಿದ್ದಾಳೆ ಎಂದು ಮೇಡಂ ಕೇಳಿದರು. ಹೇಳಿದೆ. ಅವರು ಅಕ್ಕನ ಕಡೆ ತಿರುಗಿ, ಗಾಡಿಯಲ್ಲಿ ತಂದಿದ್ದ, ಕವರುಗಳನ್ನು ತುಂಬುವ ದೊಡ್ಡ ರಟ್ಟಿನ ಡಬ್ಬವನ್ನು ತೋರಿಸಿ, ಅದರ ಮೂಲೆಗಳನ್ನು ಒಂದೊಂದಾಗಿ ಮುಟ್ಟಿದರು. ಅಕ್ಕ ನನ್ನ ಕಡೆ ತಿರುಗಿದಳು.

"ಡಬ್ಬಿಗೆ ಹಚ್ಚಿದ್ರ ನಡಿತೈತೇನ್ರಿ ಆಕಿಗೆ?"

"ಎಷ್ಟು ಬೇಕಾದ್ರೂ ಹಚ್ಚು. ಕುಂಕುಮಾನೂ ಹಚ್ಚು."

"ಹಂಗಾದ್ರ ಡಬ್ಬಿ ಮೊದಲು ತರ್ರಿ. ಡಬ್ಬಿ ಒಳಗ ಬಂದ ಮ್ಯಾಲ ಹಾಳಿ ಒಳಗ ಬರ್ಲಿ."

ಹಾಗೇ ಮಾಡಿದೆವು. ಡಬ್ಬಗಳಿಗೆ ನಾಲ್ಕೂ ಮೂಲೆಯಲ್ಲಿ ಅರಿಶಿನ ಕುಂಕುಮ ಬಿತ್ತು, ಕೈ ತೊಳೆದು ಒರೆಸಿಕೊಂಡು ಹಾಳೆ ಮುಟ್ಟಿದರು. ಈ ಸಲ ಅಂಟಿಸಿದ ಪ್ರತಿ ಕವರಿನ ಒಳಗೂ ಬಿಳಿ ಬಟ್ಟೆ ಸುತ್ತಿದ ಕಡ್ಡಿ ಆಡಿಸಿ ನೋಡಿದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಬೆಂಗಳೂರಿಗೆ ಗಾಡಿ ಹೊರಡುವ ದಿನ ಕೊನೆಯ ಒಂದಿಷ್ಟು ಕಟ್ಟು ಇನ್ನೂ ಹಸಿಯಾಗಿತ್ತು. ಮೇಡಂ ಅದನ್ನೂ ಹಾಕಿ ಎಂದರು. ಅಕ್ಕ ಭಾರದ ಕಲ್ಲು ಎತ್ತಲು ಬಿಡಲಿಲ್ಲ, ಹಸಿ ಕವರು ದಾರಿಯಲ್ಲಿ ಬಿಲ್ಲಿನಂತೆ ಬಾಗುತ್ತದೆ, ಒಳಗಿನದೂ ಬಾಗುತ್ತದೆ ಎಂದಳು. ನಾನು ಅಕ್ಕನ ಕಡೆ ನಿಂತೆ. ಕೆಂಪು ಕವರು ಎಲ್ಲ ಹೋದವು. ಕರಿಯದು ಅರ್ಧಕ್ಕಿಂತ ಕಡಿಮೆ ಹೋಯಿತು. ಉಳಿದ ಕಾಲುವೆ ಪ್ಲೇಟುಗಳು ಬಿಳಿ ಚೀಲದಲ್ಲೇ ಅಂಗಡಿಗೆ ಬಂದವಂತೆ, ಬಹಳ ನಿಧಾನಕ್ಕೆ ಖರ್ಚಾದವಂತೆ. ಮೇಡಂ ಕಂಪನಿ ಮುಚ್ಚಲಿಲ್ಲ. ಮುಂದಿನ ಚಳಿಗಾಲ ನನಗೆ ಒಂದು ಕವರಿನ ಕೆಲಸ ಕೊಟ್ಟರು, ತಿಳಿ ನೀಲಿಯದು. ಕಳಿಸುತ್ತೇನೆ ಎಂದಿದ್ದ ಬೇರೆ ಕಂಪನಿಗಳಲ್ಲಿ ಒಂದು ಬಂತು. ಕೆಟ್ಟ ಕರಿ ಕವರುಗಳನ್ನು ಬಿಚ್ಚಿ, ಕತ್ತರಿಸಿ, ಟ್ರಿಪ್ ಶೀಟಿನ ಪುಸ್ತಕಗಳಿಗೆ ಬೆನ್ನು ರಟ್ಟು ಮಾಡಿದೆ. ಆ ಕೆಲಸವನ್ನು ಎದುರಿನವನಿಂದ ವಾಪಸು ತರುವಷ್ಟರಲ್ಲಿ ಬೇಸಿಗೆ ಮುಗಿದಿತ್ತು.

ನೀವು ಹೊರಗಿನವರ ಹೊಸ ಬಗೆಯ ಕೆಲಸ ಹಿಡಿಯುವವರಾದರೆ ನನ್ನ ಮಾತು ಕೇಳಿ. ಗಿರಾಕಿ ಕೊಟ್ಟ ಅಳತೆ ನಿಮಗೆ ತಪ್ಪು ಕಂಡರೆ ತಿದ್ದುವ ಮೊದಲು ಯಾಕೆ ಹಾಗಿದೆ ಎಂದು ವಿಚಾರಿಸಿ. ಲಗ್ನದ ಹಂಗಾಮಿನಲ್ಲಿ ಕಪ್ಪು ಕೆಲಸ ಬಂದರೆ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಿರಿ, ಅದರ ಬಾಡಿಗೆಯನ್ನು ದರದಲ್ಲೇ ಸೇರಿಸಿ. ಹಸಿ ಕಪ್ಪಿರುವ ಕೋಣೆಯಲ್ಲಿ ಫ್ಯಾನು ಹಾಕಬೇಡಿ. ಅಂಟಿಸುವವರಿಗೆ ಅಳತೆಯ ಜೊತೆಗೆ ಒಳಗಿಡುವ ಸಾಮಾನನ್ನೂ ಒಯ್ದು ತೋರಿಸಿ, ಅವರ ಕೈಯಿಂದಲೇ ಹಾಕಿಸಿ, ತೆಗೆಸಿ. ಅದಕ್ಕೆ ಖರ್ಚಾಗುವುದು ಒಂದು ಮಧ್ಯಾಹ್ನ ಮಾತ್ರ. ಅವರು ಏನಾದರೂ ಷರತ್ತು ಹಾಕಿದರೆ ಅಲ್ಲೇ ಕೂತು ಪೂರ್ತಿ ಕೇಳಿ, ಯಾವುದನ್ನು, ಯಾವ ಜಾಗಕ್ಕೆ, ಎಷ್ಟು ಎಂದು ಬಿಡಿಸಿ ಕೇಳಿ. ಒಪ್ಪುವುದು ಆಮೇಲೆ.